ನಲವತ್ತಾರು ದಿನದ ಕರೆಂಟು

ಕೇಳದ ಪ್ರಶ್ನೆಗೂ ಉತ್ತರ ಹೇಳದಿದ್ದರೆ ವೃಷಭೇಂದ್ರನಿಗೆ ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಣಕಹಳ್ಳಿಯಲ್ಲಿ ಪ್ಲಸ್ ಟೂ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುವ ಮನುಷ್ಯ. ಜೊತೆಗೆ ಒಂದೂವರೆ ಎಕರೆ ಹೊಲ. ಅವತ್ತು ಕೋಸಿನ ಸಸಿ ನೆಡಲು ಪುಟ್ಟಬಸಮ್ಮನ ಜೊತೆ ಆರು ಹೆಣ್ಣಾಳು ಬಂದು ಕೂತಿದ್ದರು. ಪಾತಿಯಿಂದ ಕಿತ್ತ ಸಸಿ ಸಂಜೆಯೊಳಗೆ ನೀರು ಕಾಣದಿದ್ದರೆ ಮುಗಿಯಿತು. ರಾತ್ರಿಯ ಗಾಳಿಗೆ ಮೋಟರಿನ ಕರೆಂಟು ಹೋಗಿತ್ತು.

ಬಸವಯ್ಯನ ಟೀ ಅಂಗಡಿಯಲ್ಲಿ ವೈರ್‌ಮ್ಯಾನ್ ರಂಗಸ್ವಾಮಿ ಸಿಕ್ಕಿದ. ಟೀ ಕುಡಿದು ಕಂಬ ಹತ್ತುತ್ತೇನೆ ಎಂದ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಕರೆಂಟು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಓಡಿ ಬರುತ್ತದೆ ಎಂದು ಬಸವಯ್ಯ ಅಂದದ್ದೇ ತಡ, ವೃಷಭೇಂದ್ರ ಗೋಡೆಯ ಕ್ಯಾಲೆಂಡರಿನಿಂದ ಹಾಳೆ ಹರಿದು ಲೆಕ್ಕಕ್ಕೆ ಕೂತ. ಎಲೆಕ್ಟ್ರಾನು ತಂತಿಯೊಳಗೆ ಒಂದೇ ದಿಕ್ಕಿಗೆ ಹೊರಟಿದೆ ಎಂದಿಟ್ಟುಕೊಂಡರೂ ಸೆಕೆಂಡಿಗೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ನಡೆದರೆ ಹೆಚ್ಚು. ಟ್ರಾನ್ಸ್‌ಫಾರ್ಮರಿನಿಂದ ತನ್ನ ಮೋಟರಿಗೆ ನಾನೂರು ಮೀಟರು. ಬಸವನಹುಳುವೇ ವಾಸಿ, ಇದಕ್ಕೆ ನಲವತ್ತಾರು ದಿನ ಬೇಕು ಎಂದು ಗೆರೆ ಎಳೆದ. ಮಕ್ಕಳ ನೋಟಿಗೆ ಹಾಕುವ ರೂಢಿಯಲ್ಲಿ ಕೆಳಗೊಂದು ಸೈನನ್ನೂ ಹಾಕಿದ. ರಂಗಸ್ವಾಮಿ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಒಬ್ಬ ಶಿಷ್ಯ ಸಿಕ್ಕಿದನೆಂದು ಮೇಷ್ಟ್ರಿಗೆ ಖುಷಿಯಾಯಿತು.

ಮಧ್ಯಾಹ್ನವಾದರೂ ಮೋಟರು ಉಸಿರೆತ್ತಲಿಲ್ಲ. ಅಷ್ಟರಲ್ಲಿ ಮೇಷ್ಟ್ರ ಲೆಕ್ಕ ಊರೆಲ್ಲ ಹರಡಿತ್ತು. ನಲವತ್ತಾರು ದಿನ ಎಂದು ಮೊದಲೇ ಹೇಳಿದ್ದರೆ ಗೆಟ್ಟವಾಡಿ ಕಡೆ ಕೆಲಸಕ್ಕೆ ಹೋಗುತ್ತಿದ್ದೆವು ಎಂದು ಪುಟ್ಟಬಸಮ್ಮ ಗೊಣಗಿದಳು. ವೃಷಭೇಂದ್ರ ಸ್ಕೂಟರ್ ಹತ್ತಿ ಕರೆಂಟ್ ಆಫೀಸಿಗೆ ಹೋದ.

ಇಂಜಿನಿಯರ್ರು ದೂರಿನ ರಿಜಿಸ್ಟರ್ ತೆಗೆದು ಮುಂದಿಟ್ಟರು. ಬೆಳಿಗ್ಗೆಯೇ ಲೈನು ಸರಿಮಾಡಿ ಕರೆಂಟು ಬಿಟ್ಟಿದೆ, ಹೊಲ ತಲುಪಲು ನಲವತ್ತಾರು ದಿನ ಹಿಡಿಯುತ್ತದೆ ಎಂದು ರಂಗಸ್ವಾಮಿ ಬರೆದಿದ್ದ. ಸಾಕ್ಷಿಗೆ ಕ್ಯಾಲೆಂಡರ್ ಹಾಳೆ ಅಂಟಿಸಿದ್ದ. ಅವನು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಕಂಬ ಹತ್ತಿ ಇಳಿದವನ ಅಂಗಿಯಲ್ಲಿ ಬೆಳಗಿನ ಇಸ್ತ್ರಿಯ ಗೆರೆ ಹಾಗೇ ಇತ್ತು.

ವೃಷಭೇಂದ್ರನಿಗೆ ಮೈ ಉರಿಯಿತು. ಗೋಡೆಯ ಮೇಲೆ ಬೆರಳಲ್ಲೇ ಬರೆದು ಅರ್ಧ ಗಂಟೆ ಪಾಠ ಮಾಡಿದ. ಎಲೆಕ್ಟ್ರಾನುಗಳು ತಂತಿಯುದ್ದಕ್ಕೂ ಮೊದಲೇ ತುಂಬಿಕೊಂಡಿರುತ್ತವೆ, ತುಂಬಿದ ಪೈಪಿನ ನೀರಿನಂತೆ. ಈ ತುದಿಯಲ್ಲಿ ತಳ್ಳಿದರೆ ಆ ತುದಿಯಲ್ಲೂ ಆಗಲೇ ಕದಲುತ್ತವೆ. ಹಾಗಾಗಿ ಬಿಟ್ಟ ಕರೆಂಟು ಬಿಟ್ಟ ಗಳಿಗೆಯಲ್ಲೇ ಮೋಟರಿನಲ್ಲಿರುತ್ತದೆ. ಇಂಜಿನಿಯರ್ರು ತಲೆದೂಗಿ, ಇದನ್ನೂ ರಿಜಿಸ್ಟರಿನಲ್ಲಿ ಬರೆದುಕೊಡಿ ಎಂದರು. ಬರೆದ. ಸೈನೂ ಹಾಕಿದ.

ರಂಗಸ್ವಾಮಿ ಬಗ್ಗಿ ಓದಿದ. "ಅಂಗಾರೆ ಕರೆಂಟು ಬೆಳಿಗ್ಗೇನೇ ಬಂದು ನಿಮ್ಮ್ ಒಲದಲ್ಲಿ ಕುಂತದೆ ಮೇಷ್ಟ್ರೆ. ಕೆಟ್ಟೋಗಿರದು ನಿಮ್ಮ್ ಮೋಟ್ರು. ಅದು ನಮ್ಮ್ ಕೆಲ್ಸ ಅಲ್ಲ."

ಇಂಜಿನಿಯರ್ರು ದೂರು ಮುಗಿಯಿತೆಂದು ಗೆರೆ ಎಳೆದರು.

ಸಂಜೆ ವೃಷಭೇಂದ್ರ ಕೆರೆಯಿಂದ ಎರಡೆರಡು ಕೊಡ ಹೊತ್ತು ಕಾಲೆಳೆಯುತ್ತ ಬರುತ್ತಿದ್ದ. ಅರ್ಧ ಸಸಿ ಆಗಲೇ ತಲೆ ಬಗ್ಗಿಸಿತ್ತು. ಬದುವಿನ ಮೇಲಿಂದ ಪುಟ್ಟಬಸಮ್ಮ ಕೂಗಿದಳು.

"ಒಸಿ ಬಿರ್ಬಿರ್ನೆ ಬನ್ನಿ ಮೇಷ್ಟ್ರೆ. ಆ ನಿಮ್ಮ್ ಎಲೆಕ್ಟ್ರಾನೇ ಮುಂಚೆ ಬಂದ್ಬುಟ್ಟಾದು."