ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ನಮ್ಮ ಅತ್ತೆಯವರ ಕುರಿತು

ಹಳದಿ ಗುಂಡಿಯ ಮಾನ್ಯರೇ, ಹಸಿರು ಗುಂಡಿಯ ಮಾನ್ಯರೇ, ಹಾಗೂ ಬೂದು ಗುಂಡಿಯ ಅತಿಮಾನ್ಯರೇ,

ತಮ್ಮ ಮೂವರಿಗೂ ಒಂದೇ ತೂಕದ ನಮಸ್ಕಾರಗಳು. ಒಬ್ಬರನ್ನು ಮೊದಲು ಕರೆದರೆ ಉಳಿದಿಬ್ಬರು ಮುನಿಸಿಕೊಂಡಾರು ಎಂಬ ಅಳುಕಿನಿಂದ ರಿಮೋಟಿನಲ್ಲಿ ತಮ್ಮ ಗುಂಡಿಗಳು ಕೂತಿರುವ ಸಾಲಿನಲ್ಲೇ ತಮ್ಮನ್ನು ಸಂಬೋಧಿಸಿದ್ದೇನೆ. ತಮ್ಮ ನಿಜವಾದ ಹೆಸರುಗಳಿಗೆ ನಮ್ಮ ಮನೆಯಲ್ಲಿ ಯಾರ ನಾಲಿಗೆಯೂ ಹೊರಳದ ಕಾರಣ ಬಣ್ಣ ಹಿಡಿದು ಕರೆದಿದ್ದನ್ನು ದಯವಿಟ್ಟು ಮನ್ನಿಸಬೇಕು. ತಿಂಗಳ ಚಂದಾ ಪಡೆದು ಮನೆಯ ಟೀವಿಯಲ್ಲೇ ತೋರಿಸಲೆಂದು ಲೋಕದ ಸಿನಿಮಾಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಯಾವುದನ್ನು ನೋಡಲಿ ಎಂದು ಹುಡುಕುವಷ್ಟರಲ್ಲೇ ನೋಡುವ ಹೊತ್ತು ಮುಗಿದುಹೋಗುವಂತೆ ಏರ್ಪಾಡು ಮಾಡಿರುವ ತಮ್ಮ ಔದಾರ್ಯಕ್ಕೆ ನಾವು ಎಂದೆಂದಿಗೂ ಋಣಿಗಳು.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟನ್ನು ಏರಿಸಿ, ಒಂದೊಂದೇ ಗಾಜು ಬದಲಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವುದೇ ನನ್ನ ಕಸುಬು. ಹೀಗೆ ಊರಿನವರಿಗೆಲ್ಲ ಆಯ್ಕೆ ಮಾಡಿಸಿ ಹೊಟ್ಟೆ ಹೊರೆಯುವ ನನಗೆ, ತಮ್ಮ ಮೂರು ಭಂಡಾರಗಳಲ್ಲಿ ಒಂದನ್ನು ಆರಿಸುವುದು ಎಷ್ಟರ ಕೆಲಸ ಎಂದು ಮನೆಯ ಪರಮಾಧಿಕಾರಿಣಿಯಾದ ನನ್ನ ಹೆಂಡತಿ ಭಾವಿಸಿದ್ದು ಸಹಜವೇ ಆಗಿತ್ತು. ಮೂರೂ ಕಡೆ ಉಚಿತವಾಗಿ ನೋಡಬಹುದಾದ ಅವಧಿ ಮುಗಿಯುವ ಮೊದಲು ಒಂದನ್ನು ಉಳಿಸಿ ಎರಡನ್ನು ಬೀಳ್ಕೊಡಬೇಕು ಎಂದು ಆಕೆ ಅಪ್ಪಣೆ ಕೊಡಿಸಿದಳು.

ಆರಿಸುವುದಕ್ಕೆ ನಮಗೊಂದು ಅಳತೆಗೋಲೂ ಇತ್ತು. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇರುವವರು, ಹರೆಯದಲ್ಲಿ ಒಂದು ಸಿನಿಮಾ ಕಂಪನಿಯಲ್ಲಿ ಉಡುಪು ಹೊಲಿಯುತ್ತಿದ್ದರು. ಒಂದು ದಿನ ಹಾಡಿನ ಚಿತ್ರೀಕರಣಕ್ಕೆ ಗುಂಪಿನ ಹುಡುಗಿಯೊಬ್ಬಳು ಬಾರದೆ ಹೋದಾಗ, ಆಕೆಗೆಂದು ಹೊಲಿದ ಉಡುಪು ಅತ್ತೆಯವರ ಮೈಗೇ ಸರಿಹೋದ್ದರಿಂದ, ಅವರನ್ನೇ ಬಂಗಲೆಯ ಮೆಟ್ಟಿಲಿನ ತುತ್ತತುದಿಯಲ್ಲಿ, ಬಲಗಡೆಗೆ, ಕೈಯಲ್ಲೊಂದು ಗಾಜಿನ ಲೋಟ ಕೊಟ್ಟು ನಿಲ್ಲಿಸಿದರು. ನಾಯಕಿ ಮೆಟ್ಟಿಲಿಳಿದು ಹಾಡು ಮುಗಿಸುವ ತನಕ ಅತ್ತೆ ಅಲ್ಲಿ ನಿಂತು ನಗುತ್ತಿದ್ದರಂತೆ. ಈ ಕಥೆಯನ್ನು ಕೇಳದ ಅಳಿಯ, ಮೊಮ್ಮಗ, ಹಾಲಿನವನು, ವಿದ್ಯುತ್ ಮೀಟರಿನವನು ಯಾರೂ ಇಲ್ಲ. ನಂಬದವರು ಮಾತ್ರ ಒಬ್ಬರಿದ್ದಾರೆ. ಅವರು ಅತ್ತೆಯ ಖಾಸಾ ಅಕ್ಕ, ನಾವೆಲ್ಲ ದೊಡ್ಡಮ್ಮ ಎನ್ನುವ ನಿವೃತ್ತ ಲೆಕ್ಕದ ಟೀಚರು. ಆ ಸಿನಿಮಾವನ್ನು ಅವರೂ ಚಿತ್ರಮಂದಿರದಲ್ಲಿ ನೋಡಿದ್ದರು, ಮುಂದಿನ ಸಾಲಿನವನ ಪೊದೆಗೂದಲಿನ ಸಂದಿಯಿಂದ. "ನೀನೆಲ್ಲೂ ಇರಲಿಲ್ಲ ಕಣೇ, ಇದ್ದಿದ್ರೆ ಸಾಬೀತು ಮಾಡು" ಎಂಬುದು ಅವರ ಖಾಯಂ ತೀರ್ಪು. ಅಂಥ ದೊಡ್ಡಮ್ಮ ನಮ್ಮ ಮನೆಗೆ ಬಂದಿಳಿದ ವಾರದಲ್ಲೇ ಆ ಸಿನಿಮಾ ತಮ್ಮ ಮೂವರ ಭಂಡಾರದಲ್ಲೂ ಇದೆಯೆಂದು ಗೊತ್ತಾಯಿತು. ಯಾರು ನಮ್ಮ ಅತ್ತೆಯನ್ನು ಚೆನ್ನಾಗಿ ತೋರಿಸುತ್ತಾರೋ ಅವರಿಗೇ ನಮ್ಮ ಮನೆ ಎಂದು ಒಮ್ಮತದಿಂದ ತೀರ್ಮಾನವಾಯಿತು.

ಹಳದಿ ಮಾನ್ಯರೇ, ಮೊದಲು ತಮ್ಮ ಬಾಗಿಲನ್ನೇ ತಟ್ಟಿದೆವು. ಆಹಾ, ತಮ್ಮ ಚಿತ್ರದ ಸ್ಪಷ್ಟತೆಯನ್ನು ಏನೆಂದು ಹೊಗಳಲಿ! ನಾಯಕನ ಮೀಸೆಗೆ ಹಚ್ಚಿದ ಅಂಟು ಕೂಡ ಕಾಣುತ್ತಿತ್ತು. ಆದರೆ ಹಾಡು ಬಂತು, ಮೆಟ್ಟಿಲು ಬಂತು, ಅತ್ತೆ ಬರಲಿಲ್ಲ. ಕನ್ನಡಕದವನ ಬುದ್ಧಿ ಕನ್ನಡಕದ ಕಡೆಗೇ ಅಲ್ಲವೇ ಓಡುವುದು? ಅತ್ತೆಯವರ ಕಣ್ಣಿನ ಪವರು ಬದಲಾಗಿರಬೇಕೆಂದು ಅಂಗಡಿಗೆ ಕರೆದೊಯ್ದು ಹೊಸ ಗಾಜು ಹಾಕಿಕೊಟ್ಟೆ. ಆಗಲೂ ಕಾಣಲಿಲ್ಲ. ಅದನ್ನೂ ಬದಲಿಸಿ ಇನ್ನೊಂದು ಹಾಕಿಕೊಟ್ಟೆ. ಅದರಲ್ಲಿ ಅತ್ತೆಗೆ ಎದುರುಮನೆಯ ತಾರಸಿಯಲ್ಲಿ ಒಣಹಾಕಿದ ಬಟ್ಟೆಯ ಗುಂಡಿಗಳು ಕಂಡವೇ ಹೊರತು ಮೆಟ್ಟಿಲ ಮೇಲಿನ ಅತ್ತೆ ಕಾಣಲಿಲ್ಲ. ಕೊನೆಗೆ ನನ್ನದೇ ಅಳತೆಪಟ್ಟಿ ಹಿಡಿದು ಟೀವಿಯ ಮುಂದೆ ನಿಂತಾಗ ತಿಳಿಯಿತು: ಆ ಕಾಲದ ಚೌಕ ಚಿತ್ರ ಈ ಕಾಲದ ಅಗಲ ಪರದೆಯನ್ನು ತುಂಬಲಿ ಎಂದು ತಾವು ಅದರ ಮೇಲ್ಭಾಗವನ್ನು ಕತ್ತರಿಸಿ ಎಸೆದಿದ್ದೀರಿ. ತಲೆಬುಡವಿಲ್ಲದ ಸಿನಿಮಾಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ತಲೆ ತೆಗೆದು ಬುಡವನ್ನಷ್ಟೇ ಜೋಪಾನವಾಗಿ ಉಳಿಸಿದ್ದನ್ನು ಕಂಡದ್ದು ತಮ್ಮಲ್ಲಿಯೇ ಮೊದಲು. ತಮ್ಮ ಗ್ರಾಹಕಸೇವೆಯ ಯಂತ್ರಕ್ಕೆ "ಅತ್ತೆಯ ತಲೆ ಕಾಣುತ್ತಿಲ್ಲ" ಎಂದು ಬರೆದುಕೊಂಡಾಗ "ದಯವಿಟ್ಟು ಒಮ್ಮೆ ಆಫ್ ಮಾಡಿ, ಮತ್ತೆ ಆನ್ ಮಾಡಿ" ಎಂಬ ಉತ್ತರ ಬಂತು. ಯಾರನ್ನು ಎಂದು ಸ್ಪಷ್ಟಪಡಿಸದ ಕಾರಣ ನಾವು ಆ ಸಾಹಸಕ್ಕೆ ಕೈಹಾಕಲಿಲ್ಲ.

ಹಸಿರು ಮಾನ್ಯರೇ, ತಾವಾದರೋ ಚಿತ್ರದ ಒಂದು ಎಳೆಯನ್ನೂ ಕತ್ತರಿಸದೆ ಇದ್ದುದನ್ನು ಇದ್ದಂತೆ ಇಟ್ಟಿರುವ ಧರ್ಮಾತ್ಮರು. ಮೆಟ್ಟಿಲಿನ ತುದಿ ಇತ್ತು, ಅದರ ಮೇಲೆ ಉಡುಪು ಇತ್ತು, ಉಡುಪಿನಿಂದ ಹೊರಬಂದ ಕೈಯಲ್ಲಿ ಲೋಟವೂ ಇತ್ತು. ಮುಖವಿರಬೇಕಾದ ಜಾಗದಲ್ಲಿ ಮಾತ್ರ ತಮ್ಮ ಹಸಿರು ಲಾಂಛನವಿತ್ತು. ಇಷ್ಟಗಲದ ಪರದೆಯಲ್ಲಿ ಅತ್ತೆಯ ಮುಖದಷ್ಟೇ ಅಗಲದ, ಅಷ್ಟೇ ದುಂಡನೆಯ ಜಾಗವನ್ನು ಹುಡುಕಿ ಮುದ್ರೆ ಒತ್ತಿರುವ ತಮ್ಮ ನಿಖರತೆ ನನ್ನ ಕಸುಬಿನವರಿಗೂ ಬಾರದು. ಲಾಂಛನವನ್ನು ಒಂದು ಹೆಬ್ಬೆರಳಿನಷ್ಟು ಎಡಕ್ಕೆ ಸರಿಸಿದರೆ ಸಾಕು. ಅಲ್ಲಿ ನಿಂತಿರುವ ದಪ್ಪ ಮನುಷ್ಯನ ಕಡೆಯವರು ಯಾರೂ ಈವರೆಗೆ ಅವನನ್ನು ಹುಡುಕಿಕೊಂಡು ಬಂದಂತಿಲ್ಲ. ಅಲ್ಲದೆ ಹಾಡು ಮುಗಿಯುವ ಮುನ್ನವೇ ಇಡೀ ಚಿತ್ರವನ್ನು ಅಂಚೆಚೀಟಿಯಷ್ಟು ಕುಗ್ಗಿಸಿ "ಮುಂದೆ ಇದನ್ನು ನೋಡಿ" ಎಂದು ಆಗ್ರಹಿಸುವ ತಮ್ಮ ಅಕ್ಕರೆ, ತಟ್ಟೆಯಲ್ಲಿದ್ದುದನ್ನು ಉಣ್ಣುವ ಮೊದಲೇ ಎರಡನೇ ಸಲ ಬಡಿಸುವವರ ಅಕ್ಕರೆಯಂತಿದೆ.

ಇನ್ನು ಬೂದು ಅತಿಮಾನ್ಯರ ವಿಷಯ. ತಾವು ಕತ್ತರಿಸುವವರೂ ಅಲ್ಲ, ಮುದ್ರೆ ಒತ್ತುವವರೂ ಅಲ್ಲ. ಹಳೆಯ ಚಿತ್ರಗಳಿಗೆ ಯಂತ್ರದಿಂದ ಹೊಸ ಜೀವ ಕೊಡುವವರು. ತಮ್ಮ ಮೆಟ್ಟಿಲಲ್ಲಿ ಎಲ್ಲರೂ ಇದ್ದರು, ತಲೆ ಸಮೇತ. ಆದರೆ ಹಿಂದೆ ನಿಂತವರ ಮಸುಕು ಮುಖಗಳನ್ನು ಕಂಡು ಕನಿಕರಪಟ್ಟ ತಮ್ಮ ಯಂತ್ರವು ಅವರೆಲ್ಲರಿಗೂ ಒಂದೇ ಅಚ್ಚಿನ, ಒಂದೇ ನುಣುಪಿನ ಮುಖವನ್ನು ಸಮನಾಗಿ ಹಂಚಿಬಿಟ್ಟಿತ್ತು. ಅತ್ತೆಯ ಉಡುಪು ತೊಟ್ಟು, ಅತ್ತೆಯ ಲೋಟ ಹಿಡಿದು, ಯಾರೋ ಅಪರಿಚಿತೆ ನಗುತ್ತಿದ್ದಳು. "ಇವಳು ನಿನಗಿಂತ ಲಕ್ಷಣವಾಗಿದಾಳೆ ಬಿಡು" ಎಂದರು ದೊಡ್ಡಮ್ಮ. ಅದೇ ಪುಟದಲ್ಲಿ "ಕೊಂಡುಕೊಳ್ಳಿ" ಎಂಬ ಗುಂಡಿಯೂ ಇತ್ತು. ಒತ್ತುವ ಮುಂಚೆ ಷರತ್ತು ಓದಿದರೆ, ಕೊಂಡ ಸಿನಿಮಾವನ್ನು ತಾವು ಬೇಕೆಂದಾಗ ವಾಪಸು ಪಡೆಯಬಹುದೆಂದು ಬರೆದಿತ್ತು. ಕನ್ನಡಕ ಮಾರಿದ ಮೇಲೆ ಗಿರಾಕಿ ಓದುತ್ತಿರುವಾಗಲೇ ಅವರ ಮೂಗಿನಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ನನಗೂ ಇದ್ದಿದ್ದರೆ ಇಷ್ಟು ಹೊತ್ತಿಗೆ ನಾನೂ ಒಂದು ಗುಂಡಿಯಾಗಿರುತ್ತಿದ್ದೆ.

ಮಾನ್ಯರೇ, ಇಲ್ಲಿಯವರೆಗೆ ನಾವು ನಗುತ್ತಲೇ ಇದ್ದೆವು. ಮಾರನೇ ದಿನ ಅತ್ತೆಯನ್ನು ಸೋಫಾದ ನಡುವೆ ಕೂರಿಸಿ, ನನ್ನ ಅಂಗಡಿಯ ಪದ್ಧತಿಯಂತೆ ಮೂರೂ ಗುಂಡಿಗಳನ್ನು ಸರದಿಯಲ್ಲಿ ಒತ್ತುತ್ತಾ "ಇದು ಚೆನ್ನಾಗಿದೆಯಾ ಅತ್ತೆ, ಅದಾ?" ಎಂದು ಕೇಳಿದೆ. ಅವರು ಹೊಸ ಕನ್ನಡಕವನ್ನು ತೆಗೆದು ಮಡಿಚಿಟ್ಟು, "ಬಿಡಪ್ಪಾ, ಮೂರರಲ್ಲೂ ನಾನಿಲ್ಲ. ನಾನು ನಿಂತೇ ಇರ್ಲಿಲ್ವೇನೋ. ಬೇರೆಯವರು ನಿಂತಿದ್ದನ್ನ ನೋಡಿ ನಾನೇ ಅಂದ್ಕೊಂಡ್ಬಿಟ್ನೋ ಏನೋ" ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ನಿಜ. ಆದರೆ ತಾನು ಬದುಕಿದ ಒಂದು ದಿನಕ್ಕೆ ಮುದುಕಿಯೊಬ್ಬಳು ತಮ್ಮ ಭಂಡಾರದಿಂದ ಪ್ರಮಾಣಪತ್ರ ತರಬೇಕಾಗಿ ಬಂದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಆ ಸಂಜೆ ಹಾಲಿನವನು ಬಂದಾಗ ಅತ್ತೆ ಹಾಲನ್ನಷ್ಟೇ ತೆಗೆದುಕೊಂಡು ಬಾಗಿಲು ಹಾಕಿದರು. "ಅಜ್ಜಿಗೆ ಹುಷಾರಿಲ್ವಾ?" ಎಂದು ಅವನು ನನ್ನನ್ನು ವಿಚಾರಿಸಿದ. ಅದು ನನಗೆ ನಿಜವಾಗಿಯೂ ನೋವು ತಂದಿತು, ಮತ್ತು ತಮ್ಮ ಮೂವರ ಮೇಲೂ ಕೆಂಡದಂಥ ಸಿಟ್ಟು ಬಂತು.

ಬರಿಯ ಅತ್ತೆಯಷ್ಟೇ ಅಲ್ಲ, ದೊಡ್ಡಮ್ಮನೂ ಕಂಗಾಲಾದರು. ತಂಗಿ ವಾದಿಸದಿದ್ದರೆ ಅಕ್ಕನಿಗೆ ಗೆದ್ದ ರುಚಿಯೇ ಇರುವುದಿಲ್ಲ. "ಹಾಕು ಇನ್ನೊಂದು ಸಲ, ನಾನೇ ಹುಡುಕ್ತೀನಿ, ಎಲ್ಲಾದ್ರೂ ಒಂದು ಮೂಲೆಯಲ್ಲಿ ಇದ್ದೇ ಇರ್ತಾಳೆ" ಎಂದು ಅವರೇ ಹಳದಿ ಗುಂಡಿ ಒತ್ತಿಸಿ, ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡರು. ಮೆಟ್ಟಿಲು ಬಂತು. ತುದಿಯ ಮೆಟ್ಟಿಲಲ್ಲಿ ಎಂದಿನಂತೆ ಮೊಣಕಾಲಿನಿಂದ ಕೆಳಗೆ ಒಂದು ಸಾಲು ಕಾಲುಗಳು. ನಿಲ್ಲಿಸು ಎಂದು ಅವರು ಕೂಗಿದ ರಭಸಕ್ಕೆ ನನ್ನ ಕೈಯಿಂದ ರಿಮೋಟು ಜಾರಿತು.

"ಅದು ನನ್ನ ಚಪ್ಪಲಿ!"

ನೀಲಿ ಚಪ್ಪಲಿ. ಕಿತ್ತುಹೋದ ಪಟ್ಟಿಯನ್ನು ನೀಲಿ ದಾರ ಸಿಗದೆ ಕೆಂಪು ದಾರದಲ್ಲಿ ಹೊಲಿದ ಚಪ್ಪಲಿ. ಹಳದಿ ಮಾನ್ಯರೇ, ತಮ್ಮ ಸ್ಪಷ್ಟತೆಗೆ ಶರಣು: ಹೊಲಿಗೆಯ ಒಂದೊಂದು ಗಂಟೂ ಎಣಿಸುವಂತಿತ್ತು. ದೊಡ್ಡಮ್ಮನ ಮೊದಲ ನೌಕರಿಯ ಹೊಸತರಲ್ಲಿ ಬಾಗಿಲ ಮುಂದಿನಿಂದ ಮಾಯವಾಗಿ, ಪಾಪ, ಮಹಡಿ ಮನೆಯವರ ಮೇಲೆ ಇಂದಿಗೂ ಆಪಾದನೆ ಹೊರಿಸಿರುವ ಚಪ್ಪಲಿ. "ಕಳ್ಳಿ! ನನ್ನ ಚಪ್ಪಲಿ ಮೆಟ್ಕೊಂಡು ಹೋಗಿ ಸಿನಿಮಾದಲ್ಲಿ ನಿಂತಿದೀಯಲ್ಲೇ!" ಎಂದು ಅವರು ತಂಗಿಯ ಕಡೆ ತಿರುಗಿದರು. "ನಿಂತಿದೀಯಲ್ಲೇ" ಎಂಬ ಆ ಒಂದು ಮಾತು ಕೇಳಿ ಅತ್ತೆಯ ಮುಖ ಅರಳಿದ್ದನ್ನು ತಮ್ಮ ಯಾವ ಯಂತ್ರವೂ ಬಿಡಿಸಲಾರದು. "ಹೂಂ ಕಣೇ ಅಕ್ಕಾ, ನಿಂದೇ! ಮೆಟ್ಲಿಗೆ ಬಳಿದ ಬಣ್ಣ ಹಸಿ ಇತ್ತು, ಎರಡೂ ಅಲ್ಲೇ ಕಚ್ಕೊಂಡ್ಬಿಟ್ವು, ಬರಿಗಾಲಲ್ಲಿ ಮನೆಗೆ ಬಂದೆ. ಹೇಗೆ ಹೇಳ್ಲಿ ನಿಂಗೆ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಳ್ಳಿ ಎನ್ನಿಸಿಕೊಂಡು ಇಷ್ಟು ಸುಖಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಅಂದಿನಿಂದ ಇಬ್ಬರೂ ಹೊತ್ತುಹೊತ್ತಿಗೆ ಜಗಳವಾಡಿಕೊಂಡು ಆರೋಗ್ಯವಾಗಿದ್ದಾರೆ, ಮತ್ತು ಹಾಲಿನವನು ಕಥೆಯ ಹೊಸ ಆವೃತ್ತಿ ಕೇಳಿ ಉಳಿದ ಮನೆಗಳಿಗೆ ತಡವಾಗಿ ಹೋಗುತ್ತಿದ್ದಾನೆ.

ಹೀಗಾಗಿ, ಹಸಿರು ಮತ್ತು ಬೂದು ಮಾನ್ಯರಿಗೆ ವಿಷಾದಪೂರ್ವಕವಾಗಿ ವಿದಾಯ ಹೇಳುತ್ತಾ, ನಮ್ಮ ಅತ್ತೆಯ ತಲೆ ತೆಗೆದ ಹಳದಿ ಮಾನ್ಯರನ್ನೇ ನಮ್ಮ ಮನೆಯು ಆರಿಸಿಕೊಂಡಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಕತ್ತರಿಸಿದ ಮೇಲ್ಭಾಗವು ತಮ್ಮ ಕಚೇರಿಯ ಯಾವುದಾದರೂ ಬುಟ್ಟಿಯಲ್ಲಿ ಇನ್ನೂ ಬಿದ್ದಿದ್ದರೆ ದಯಮಾಡಿ ಕಳಿಸಿಕೊಡಿ. ಟೀವಿಯ ಮೇಲೆ ಮೊಳೆ ಹೊಡೆದು, ಸರಿಯಾದ ಎತ್ತರಕ್ಕೆ ನಾವೇ ಜೋಡಿಸಿಕೊಳ್ಳುತ್ತೇವೆ.

ಇಂತಿ, ಕಾಣಿಸಿದಷ್ಟಕ್ಕೆ ಕೃತಜ್ಞನಾದ
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ಮರೆತ ಮಾತು: ಈ ಪತ್ರವನ್ನು ಮಡಿಸುತ್ತಿರುವಾಗಲೇ, ಸದರಿ ಸಿನಿಮಾ ಇದೇ ತಿಂಗಳ ಕೊನೆಗೆ ತಮ್ಮ ಭಂಡಾರದಿಂದ ನಿರ್ಗಮಿಸಲಿದೆ ಎಂಬ ತಮ್ಮ ಸೂಚನೆ ಟೀವಿಯಲ್ಲಿ ಮೂಡಿತು. ಸಂತೋಷ. ದೊಡ್ಡಮ್ಮ ಹೇಳಿಕಳಿಸಿದ್ದಾರೆ: ಸಿನಿಮಾವನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಿರಿ, ಚಪ್ಪಲಿ ಮಾತ್ರ ಇಲ್ಲೇ ಬಿಟ್ಟು ಹೋಗಿ.