ಮೂರು ಕೋಟ್ ಟೀ

ಊರಿನ ಅರ್ಧದಷ್ಟು ಗೋಡೆಗಳಿಗೆ ಹೊಳಪು ಕೊಟ್ಟ ಬಣ್ಣದ ಮೇಸ್ತ್ರಿಗೆ ಅಂಗೈಯಗಲದ ತನ್ನ ಮುಖವೊಂದು ದೊಡ್ಡ ಕೆಲಸವೇ? ಭಾನುವಾರ ಷಡ್ಡಕ ಬರುವಷ್ಟರಲ್ಲಿ ಅವನನ್ನೂ ಮೀರಿಸಿ ಮಿಂಚಿಬಿಡುವುದೆಂದು ಮೇಸ್ತ್ರಿ ಕನ್ನಡಿಯ ಮುಂದೆ ನಿಂತು ಘೋಷಿಸಿಕೊಂಡರು.

ಈ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕ ವಯಸ್ಸಿನಲ್ಲಿ ಹಿರಿಯ, ನೋಡಲು ಕಿರಿಯ. ಕಳೆದ ಸಲ ಊಟಕ್ಕೆ ಕೂತಾಗ ಹೆಂಡತಿ, ಭಾವನ ಮುಖಕ್ಕೆ ವಯಸ್ಸೇ ಆಗುವುದಿಲ್ಲವಲ್ಲ, ಏನು ಗುಟ್ಟು ಎಂದು ಕೇಳಿದ್ದಳು. ಪಕ್ಕದಲ್ಲೇ ಗಂಡನ ತಟ್ಟೆ ಖಾಲಿಯಿದ್ದದ್ದು ಆಕೆಗೆ ಕಾಣಲಿಲ್ಲ.

"ಏನಿಲ್ಲಮ್ಮ, ಟೀ ಅಷ್ಟೆ. ಹಾಲು, ಸಕ್ಕರೆ ಹಾಕದೆ ಒಂದು ಲೋಟ ಕುಡೀತೀನಿ, ಉಳಿದಿದ್ದನ್ನ ಆರಿಸಿ ಮುಖಕ್ಕೆ ಹಚ್ಕೋತೀನಿ. ಎರಡೂ ಆಗ್ಬೇಕು, ನೆನಪಿಟ್ಕೋ," ಎಂದು ಅವನು ಕೆನ್ನೆ ಸವರಿಕೊಂಡಿದ್ದ. ಆ ಸವರಾಟವೇ ಮೇಸ್ತ್ರಿಯ ನಿದ್ದೆ ಕೆಡಿಸಿತ್ತು.

ಹಾಲಿಲ್ಲದ ಟೀ ಎಂದರೆ ಮೇಸ್ತ್ರಿಗೆ ಕಷಾಯಕ್ಕಿಂತ ಕಡೆ. ವಾಸನೆ ಬಂದರೇ ಮೂಗು ಮುಚ್ಚಿಕೊಳ್ಳುವರು. ಹಾಗಾಗಿ ಕುಡಿಯುವ ಭಾಗವನ್ನು ವೃತ್ತಿಧರ್ಮದ ಆಧಾರದ ಮೇಲೆ ತಳ್ಳಿಹಾಕಿದರು. ಬಣ್ಣವಿರಬೇಕಾದದ್ದು ಗೋಡೆಯ ಮೇಲೆ. ಬಣ್ಣ ಕುಡಿಯುವ ಗೋಡೆ ಕೆಟ್ಟ ಗೋಡೆ!

ಭಾನುವಾರ ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಸಣ್ಣ ಪಾತ್ರೆಗೆ ಅರ್ಧ ಪೊಟ್ಟಣ ಟೀಪುಡಿ ಸುರಿದು ಕುದಿಸಿ, ಆರಿಸಿ, ಎರಡಿಂಚಿನ ಹೊಸ ಬ್ರಷ್ ಕೈಗೆತ್ತಿಕೊಂಡರು. ಮೊದಲ ಕೋಟ್ ಮೇಲಿನಿಂದ ಕೆಳಕ್ಕೆ. ಅದು ಒಣಗಿದ ಮೇಲೆ ಎರಡನೆಯದು ಅಡ್ಡಡ್ಡ. ಮೂರನೆಯದು ಬರೀ ಷಡ್ಡಕನ ಮೇಲಿನ ಸಿಟ್ಟಿಗೆ. ತೊಳೆದು ನೋಡಿದರೆ ಹಣೆಯ ಮೇಲೆ ಬ್ರಷ್ಷಿನ ಗೆರೆ, ಕೆನ್ನೆಯಲ್ಲಿ ಇಳಿದ ಹನಿಗಳ ಜಾಡು. ಗಲ್ಲದ ಕೆಳಗೆ ಕಂದುಬಣ್ಣ ಟೇಪು ಅಂಟಿಸಿ ಹೊಡೆದಂತೆ ನೆಟ್ಟಗೆ ನಿಂತಿತ್ತು. ಸೋಪು ಹಚ್ಚಿ ಉಜ್ಜಿದರು. ಇಷ್ಟು ಬಾಳಿಕೆಯ ಕೆಲಸ ಅವರ ಕೈಯಿಂದ ಜೀವಮಾನದಲ್ಲೇ ಆಗಿರಲಿಲ್ಲ.

ಅಷ್ಟರಲ್ಲಿ ಷಡ್ಡಕ ಬಂದೇಬಿಟ್ಟ, ಫಳಫಳ ಹೊಳೆಯುತ್ತ. ಮೇಸ್ತ್ರಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತರು. ಆಗ ನೆನಪಾಯಿತು: ಹಚ್ಚಿ ಉಳಿದ ಟೀಯ ಪಾತ್ರೆ ಒಲೆಯ ಮೇಲೇ ಇದೆ! ಪತ್ರಿಕೆಯ ಅಂಚಿನಿಂದ ಇಣುಕಿದರೆ, ಹೆಂಡತಿ ಭಾವನ ಕೈಗೆ ಹಾಲಿಲ್ಲದ ಟೀ ಕೊಟ್ಟೂ ಆಗಿತ್ತು. ಎದ್ದು ತಡೆಯಬೇಕು, ತಡೆದರೆ ಕಾರಣ ಹೇಳಬೇಕು, ಅದೂ ಇವನ ಎದುರಿಗೆ. ಮೇಸ್ತ್ರಿ ಕುಂಡೆ ಎತ್ತಿದವರು ಮತ್ತೆ ಊರಿದರು.

ಷಡ್ಡಕ ಒಂದು ಗುಟುಕು ಹೀರಿ, ಇಷ್ಟು ಒಳ್ಳೆಯ ಟೀ ತನ್ನ ಮನೆಯಲ್ಲೂ ಸಿಗುವುದಿಲ್ಲ ಎಂದ. ಮೇಸ್ತ್ರಿಯ ಹೆದರಿಕೆ ಕರಗಿ ಎದೆಯಲ್ಲಿ ಸಕ್ಕರೆ ಹರಡಿತು. ಕುಡಿಯಪ್ಪಾ ಕುಡಿ, ನನ್ನ ಮೂಗು ಸವರಿದ ಬ್ರಷ್ಷು ಅದ್ದಿದ ಟೀ! ವರ್ಷಗಳ ಹೊಟ್ಟೆಯುರಿ ಆ ಒಂದು ಲೋಟದಲ್ಲಿ ತಣ್ಣಗಾಯಿತು.

"ಭಾವನಿಗೆ ಇನ್ನೊಂದು ಲೋಟ ಕೊಡೇ," ಎಂದರು ಪತ್ರಿಕೆಯ ಹಿಂದಿನಿಂದ, ಎಂದೂ ಇಲ್ಲದ ಔದಾರ್ಯದಲ್ಲಿ.

"ಅವರಿಗೆ ಅಂತ ಬೇರೆ ಮಾಡಿದ್ದು ಮುಗೀತು," ಎಂದಳು ಹೆಂಡತಿ. ಪತ್ರಿಕೆಯನ್ನು ಮೆಲ್ಲಗೆ ಕೆಳಗಿಳಿಸಿ, ಮೂರೂ ಕೋಟನ್ನು ಬಿಡುವಾಗಿ ನೋಡಿದಳು. ಒಳಗೆ ಹೋಗಿ, ತುಂಬಿದ ಲೋಟವೊಂದನ್ನು ತಂದು ಗಂಡನ ಮುಂದಿಟ್ಟಳು. ಕಡುಗಪ್ಪು ಟೀಯಲ್ಲಿ ಬ್ರಷ್ಷಿನ ಒಂದು ಕೂದಲು ತೇಲುತ್ತಿತ್ತು.

"ಇದು ನಿಮ್ದು. ಹಚ್ಚೋದು ಆಯ್ತಲ್ಲ, ಇನ್ನು ಕುಡೀರಿ."