ನಮ್ಮ ಮಾವನಿಗೆ ಏನೂ ಗೊತ್ತಿಲ್ಲ

ಲೋಕದಲ್ಲಿ ಗೊತ್ತಿಲ್ಲದ್ದನ್ನೂ ಗೊತ್ತಿದೆ ಎನ್ನುವವರೇ ಹೆಚ್ಚು. ನಮ್ಮ ಸೋದರಮಾವ ಮಾತ್ರ ಗೊತ್ತಿದ್ದದ್ದನ್ನೂ ಗೊತ್ತಿಲ್ಲವೆಂದು ಸಾಧಿಸುವುದರಲ್ಲೇ ಅರ್ಧ ಆಯುಸ್ಸು ಕಳೆದ ಮಹಾನುಭಾವ! ತೀರ್ಥಹಳ್ಳಿಯ ವಕೀಲರೊಬ್ಬರ ಬಳಿ ಒಂದು ಮಳೆಗಾಲ ಗುಮಾಸ್ತನಾಗಿದ್ದು ಬಂದದ್ದೇ ಇದಕ್ಕೆ ಮೂಲ. ತಿಳಿದು ಮಾಡಿದರೆ ಅಪರಾಧ, ತಿಳಿಯದೆ ಮಾಡಿದರೆ ಅಲ್ಲ ಎಂಬ ಒಂದು ಸಾಲು ಕಲಿತು ಬಂದಿದ್ದ. ಅಲ್ಪವಿದ್ಯಾ ಮಹಾಗರ್ವಿ.

ಒಂದು ದಿನ ಬೇಲಿಯ ದಣಪೆ ತೆಗೆದು ಎಮ್ಮೆಯನ್ನು ಬಿಟ್ಟವನೇ ಬೆನ್ನು ತಿರುಗಿಸಿ ಗುಡ್ಡ ನೋಡುತ್ತ ನಿಂತ. ಎಮ್ಮೆ ಪಕ್ಕದವರ ಗದ್ದೆಯ ಸಸಿಯನ್ನೆಲ್ಲ ಮೇದು ಸಪಾಟು ಮಾಡಿತು. ವಿಷಯ ಸಾಗರದ ಕೋರ್ಟಿಗೆ ಹೋಯಿತು.

“ಎಮ್ಮೆ ಎತ್ತ ಹೋಯಿತೋ ನಾನು ನೋಡಲಿಲ್ಲ ಸ್ವಾಮಿ,” ಎಂದ ಮಾವ.

“ಸಸಿ ಕಂಡರೆ ಎಮ್ಮೆ ಏನು ಮಾಡುತ್ತೆ?” ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

“ಅದು ಎಮ್ಮೆಗೆ ಗೊತ್ತು.”

“ಹೀಗೆ ಮಾಡಿದರೆ ಹೀಗೇ ಆಗುತ್ತೆ ಅಂತ ತಿಳಿದಿದ್ದರೆ ಸಾಕು. ನೋಡಬಾರದು ಅಂತಲೇ ಬೆನ್ನು ತಿರುಗಿಸಿದವನನ್ನೂ ಕಾನೂನು ತಿಳಿದವನು ಅಂತಲೇ ಎಣಿಸುತ್ತೆ,” ಎಂದು ಅವರು ದಂಡ ಹಾಕಿದರು. ಬುದ್ಧಿ ಬಂತೇ? ಎಲ್ಲಿಂದ!

ಆಗ ಲಿಂಗನಮಕ್ಕಿಯ ಅಣೆಕಟ್ಟು ಏಳುತ್ತಿತ್ತು. ಹೊಸನಗರ ಸೀಮೆಯ ನಮ್ಮ ಊರೂ ಮುಳುಗುವುದರಲ್ಲಿತ್ತು. ಊರು ಬಿಡಬೇಕೆಂದು ಡಂಗುರದವನು ಬಂದಾಗಲೆಲ್ಲ ಮಾವ ಒಳಗೋಡಿ, ಹಾಸಿಗೆ ಹಿಡಿದ ಅಜ್ಜಿಯ ಪಕ್ಕದಲ್ಲೇ ನಿಂತು ಜಾಗಟೆ ಬಾರಿಸುತ್ತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಮಂಗಳಾರತಿ! ನೆರೆಮನೆಗಳು ಒಂದೊಂದಾಗಿ ಖಾಲಿಯಾದವು. ಏಳಲಾರದ ತಾಯಿಯನ್ನು ಇಟ್ಟುಕೊಂಡು ಈ ಮೂರ್ಖ ಡಂಗುರ ಕೇಳಲೇ ಇಲ್ಲವೆಂದು ಕಾನೂನು ಆಡುತ್ತಿದ್ದಾನಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನೀರಿಗೆ ನಿನ್ನ ಕಾನೂನು ಗೊತ್ತಿದ್ದಾ ಮಾವ?” ಎಂದು ಒಮ್ಮೆ ಕೇಳಿಯೇಬಿಟ್ಟೆ.

ಕೊನೆಗೊಂದು ಬೆಳಿಗ್ಗೆ ಮನೆ ಮುಂದೆ ಗಾಡಿ ಬಂತು. ವರದಹಳ್ಳಿಗೆ ಸ್ವಾಮಿಗಳ ದರ್ಶನಕ್ಕೆ ಹೋಗುವುದೆಂದು ಮಾವ ಅಜ್ಜಿಗೆ ಹೇಳಿದ. ನಿಜಕ್ಕೂ ಹೊರಟದ್ದು ಸಾಗರದಲ್ಲಿ ಹಿಡಿದಿದ್ದ ಬಾಡಿಗೆ ಮನೆಗೆ. ನನ್ನನ್ನು ಪಕ್ಕಕ್ಕೆ ಕರೆದು, “ಊರು ಮುಳುಗ್ತು ಅಂತ ಅಮ್ಮಂಗೆ ಗೊತ್ತಾಗದು ಬ್ಯಾಡ. ಗೊತ್ತಾದ್ರೆ ಇಲ್ಲೇ ಜೀವ ಬಿಡ್ತು,” ಎಂದ. ಜಾಗಟೆ ಬಾರಿಸಿದ್ದು ಯಾರ ಕಿವಿಗೆ ಡಂಗುರ ಬೀಳದಿರಲೆಂದು ನನಗೆ ಆಗ ಹೊಳೆಯಿತು.

ಗಾಡಿ ಹೊರಟಿತು. ಮಾವ ಎತ್ತುಗಳ ಮುಂದೆ ನಡೆಯುತ್ತಿದ್ದ. ಅಜ್ಜಿ ನನ್ನ ಕೈ ಹಿಡಿದು ಮೆಲ್ಲಗೆ, “ತಮಾ, ದರ್ಶನಕ್ಕೆ ಹೋಪವ್ವು ಮನೆ ದೇವ್ರ ಪೆಟ್ಟಿಗೆನೂ ತಗಂಡು ಹೋಗ್ತ್ವಾ? ಯಂಗೆ ಎಲ್ಲ ಗೊತ್ತಿದ್ದು. ಅವಂಗೆ ಹೇಳಡ. ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದ,” ಎಂದಳು.

ಮಾವ ತಿರುಗಿ ನೋಡಿದ. “ಅಮ್ಮ ಎಂತ ಹೇಳ್ತಾ ಇದ್ದು?”

“ವರದಹಳ್ಳಿ ಇನ್ನೆಷ್ಟು ದೂರ ಅಂತ ಕೇಳ್ತಾ ಇದ್ದು,” ಎಂದೆ.

ಅವನ ಮುಖದಲ್ಲಿ ಮೂಡಿದ ನೆಮ್ಮದಿ ಕಂಡು ನನಗೆ ಅಳು ಬಂತು. ಮಗ ನೋಡಿಬಿಟ್ಟಾನೆಂದು ಅಜ್ಜಿ ಊರಿನ ಕಡೆ ಒಮ್ಮೆಯೂ ತಿರುಗಲಿಲ್ಲ.